ಹ್ಯಾಲೋವೀನ್ ಚೀಲಕ್ಕೆ ಬೇಕರಿಯ ಖಾಕಿ ಕವರೇ ಸಾಕು

ಕಾರವಾರದ ಪೇಟೆಯ ಒಂದು ಗಲ್ಲಿಯಲ್ಲಿ ಪ್ಯಾಕಿಂಗ್ ಸಾಮಾನಿನ ಚಿಕ್ಕ ಅಂಗಡಿ ಇದೆ. ಬೇಕರಿಯವರು, ಖಾನಾವಳಿಯವರು ಡಬ್ಬ, ಕವರ್, ಪೇಪರ್ ಪ್ಲೇಟ್ ಒಯ್ಯುವ ಜಾಗ. ಅಲ್ಲಿ ಸಿಗುವ ಖಾಕಿ ಕಾಗದದ ಕವರ್ ಬಗ್ಗೆ ಈ ನಾಲ್ಕು ಮಾತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೌಕಾನೆಲೆಯ ಕೆಲಸಕ್ಕೆ ಬಂದವರು ಜಾಸ್ತಿ. ಊರೂರು ತಿರುಗಿದ ಮಕ್ಕಳು. ಭೂತದ ವೇಷದ ಹಬ್ಬ ಹ್ಯಾಲೋವೀನ್‌ಗೆ, ಅಕ್ಟೋಬರ್ 31ರ ಸಂಜೆ, ಮುಖಕ್ಕೆ ಬಣ್ಣ ಬಳಿದುಕೊಂಡು, ಹಳೆ ಬೆಡ್‌ಶೀಟ್ ಹೊದ್ದು, 'ಟ್ರಿಕ್ ಆರ್ ಟ್ರೀಟ್' ಅಂತ ಬಾಗಿಲು ಬಡಿಯುತ್ತಾರೆ. ತಿಂಡಿ ಕೊಡದಿದ್ದರೆ ಕಿತಾಪತಿ ಗ್ಯಾರಂಟಿ. ನಮ್ಮ ಅತ್ತೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ದೀಪಾವಳಿಯ ಬೂರೆಗಳವಿನ ರಾತ್ರಿ, ಹುಡುಗರು ಆಟಕ್ಕೆ ಕದಿಯುವಾಗ, ಹಿತ್ತಲಿನ ಸೌತೆಕಾಯಿ, ತೆಂಗಿನಕಾಯಿ ಮಾಯವಾಗುವುದನ್ನು ನೋಡಿದವರು ಅವರು. "ಇವು ಕೇಳಿಯಾದ್ರೂ ಒಯ್ತಾವಲ್ಲ" ಎಂದರು.

ಆನ್‌ಲೈನ್‌ನಲ್ಲಿ ಈ ತಿಂಡಿ ತುಂಬಿ ಕೊಡಲೆಂದೇ ಕಿತ್ತಳೆ ಬಣ್ಣದ ರೆಡಿಮೇಡ್ ಚೀಲ ಸಿಗುತ್ತದೆ. ಹಿಂದಿನ ವರ್ಷ ತರಿಸಿದ್ದೆ, 20ಕ್ಕೆ 349 ರೂಪಾಯಿ. ಬಟ್ಟೆಯ ಹಾಗೆ ಕಾಣುವ ನಾನ್‌ವೋವನ್. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು. ಅದು ಪ್ಲಾಸ್ಟಿಕ್ಕೇ ಅಲ್ವಾ! 60 ಜಿಎಸ್‌ಎಮ್‌ಗಿಂತ (ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕ) ತೆಳುವಾದ ಇಂಥ ಚೀಲವನ್ನು 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ಜೊತೆಗೆ ಕೈಗೆ ಹತ್ತುವ ಕರಿ ಬಣ್ಣ, ಸೀಮೆಎಣ್ಣೆಯಂಥ ವಾಸನೆ.

ಈ ಸಲ ಗಲ್ಲಿಯ ಅಂಗಡಿಗೇ ಹೋದೆ. "ಅಕ್ಕೋರೆ, ಶಾಲೆಗಾ?" ಎಂದು ಕೇಳಿದ ಅಂಗಡಿಯವರು, ಭೂತದ ಹಬ್ಬಕ್ಕೆ ಎಂದಾಗ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಪಾವ್ ಕಿಲೋ, ಅರ್ಧ ಕಿಲೋ, ಒಂದು ಕಿಲೋ ಅಳತೆಯ ಕವರ್ ಎಲ್ಲ ಮುಂದೆ ಹರವಿದರು. ಅರ್ಧ ಕಿಲೋದ್ದೇ ಸರಿ. ತಳದಲ್ಲಿ ಮಡಿಕೆ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಮೇಜಿನ ಮೇಲೆ ತಾನಾಗಿ ನಿಲ್ಲುತ್ತದೆ. 100ಕ್ಕೆ 110 ರೂಪಾಯಿ.

ಖಾಕಿ ಬಣ್ಣದ ಮೇಲೆ ಕಪ್ಪು ಸ್ಕೆಚ್ ಪೆನ್ ಚೆನ್ನಾಗಿ ಏಳುತ್ತದೆ. ಮೂರು ತ್ರಿಕೋನ, ಕೆಳಗೆ ಹಲ್ಲುಬಿಟ್ಟ ಬಾಯಿ, ಅಷ್ಟು ಗೀಚಿದರೆ ಕುಂಬಳಕಾಯಿ ಮುಖ ಆಯಿತು. ಚಿತ್ರ ಬಾರದ ನನ್ನ ಗಂಡನೂ ಒಂದು ರಾಶಿ ಬರೆದರು. ಬಾಯಿ ಮುಚ್ಚಲು ಸ್ಟೇಪ್ಲರ್ ಬೇಡ, ಪಿನ್ನು ಚಿಕ್ಕ ಮಕ್ಕಳ ಬಾಯಿಗೆ ಹೋದೀತು. ಮೇಲ್ತುದಿ ಮಡಿಚಿ ಪಂಚಿಂಗ್ ಮಷಿನ್‌ನಿಂದ ಎರಡು ತೂತು ಹೊಡೆದು, ಮಾಲೆ ಕಟ್ಟುವ ಬಾಳೆನಾರು ಪೋಣಿಸಿ ಗಂಟು ಹಾಕಿದೆ. ರವಿವಾರದ ಸಂತೆಯಲ್ಲಿ ಹೂವಿನವಳು ಒಂದು ಹಿಡಿ ನಾರು ಸುಮ್ನೆ ಕೊಟ್ಟಳು.

ಕವರಿನ ಒಂದು ಕೊರತೆ ಹೇಳಲೇಬೇಕು. ಕರಾವಳಿಯ ಹವೆಗೆ ಕಾಗದ ಬೇಗ ಮೆತ್ತಗಾಗುತ್ತದೆ. ಎರಡು ದಿನ ಮೊದಲೇ ತುಂಬಿಟ್ಟರೆ ತಳ ಸಡಿಲ. ಎಣ್ಣೆ ತಿಂಡಿಯಂತೂ ಬೇಡವೇ ಬೇಡ, ಶಂಕರಪೋಳಿ ಹಾಕಿದ ಕವರ್ ತಾಸಿನೊಳಗೆ ಕಲೆಯಾಯಿತು. ಬಾರ್ ಚಾಕೊಲೇಟ್ ನಮ್ಮ ಅಕ್ಟೋಬರ್ ಸೆಕೆಗೆ ಕರಗುತ್ತದೆ. ನಾನು ಹಾಕಿದ್ದು ಎರಡು ಕಿಸ್ಮಿ, ಎರಡು ಮ್ಯಾಂಗೋ ಬೈಟ್, 5 ರೂಪಾಯಿಯ ಶೇಂಗಾ ಚಿಕ್ಕಿ, 5 ರೂಪಾಯಿಯ ಪೆನ್ಸಿಲ್. ಕವರ್ ಸೇರಿ ಒಂದು ಚೀಲಕ್ಕೆ 15 ರೂಪಾಯಿ ಚಿಲ್ಲರೆ. ಆನ್‌ಲೈನಿನ ಖಾಲಿ ಚೀಲವೇ 17 ದಾಟುತ್ತದೆ!

ಶೇಂಗಾ ಆಗದ ಮಕ್ಕಳೂ ಇರುತ್ತಾರೆ, ಮೊದಲೇ ವಿಚಾರಿಸಿ. ಅಮೆರಿಕದಲ್ಲಿ ಅಂಥ ಮಕ್ಕಳಿಗಾಗಿ ಕೆಲವರು ಮನೆ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುತ್ತಾರೆ. ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ ಎಂಬ ಗುರುತು ಅದು. ನಮ್ಮ ಮೂರನೇ ಮಹಡಿಯ ಪುಟ್ಟನ ಚೀಲಕ್ಕೆ ನಾನೂ ಅದೇ ಬಣ್ಣದ ಕುಂಬಳಕಾಯಿ ಬರೆದು, ಚಿಕ್ಕಿ ಬದಲು ರಬ್ಬರ್, ಸ್ಟಿಕರ್ ಹಾಕಿದೆ. ಉಳಿದವರೆಲ್ಲ ತಮಗೂ ಅದೇ ಬಣ್ಣದ್ದು ಬೇಕೆಂದು ಗಲಾಟೆ.

ಅಂಗಡಿಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ನಾಲ್ಕರ ತನಕ ತೆರೆಯುವುದಿಲ್ಲ. ಬಿಡಿ ಕವರ್ ಕೊಡುವುದಿಲ್ಲ, ಕಟ್ಟು ಪೂರ್ತಿ ಒಯ್ಯಬೇಕು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಒಂದು ಸ್ಟಾರ್ ಆ ಮೆತ್ತಗಾಗುವ ತಳಕ್ಕೆ.