ಪೆಡಲ್ ಸ್ಟೀಲ್ ಗಿಟಾರ್ ತಂತಿಗಳು: ತಲೆನೋವೆಲ್ಲ ಮೂರನೆಯದರದು

ಪೆಡಲ್ ಸ್ಟೀಲ್ ಅಂದರೆ ಮಲಗಿಸಿಟ್ಟು, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ, ಕಾಲಿನ ಪೆಡಲ್ ಮತ್ತು ಮಂಡಿ ಲಿವರ್‌ಗಳಿಂದ ತಂತಿಗಳ ಸ್ವರ ಏರಿಳಿಸಿ ನುಡಿಸುವ ಗಿಟಾರ್. ಇ9 ಅದರ ಒಂದು ಶ್ರುತಿ ಕ್ರಮ. ಹತ್ತು ತಂತಿಯ ಇ9 ಸೆಟ್ಟಿನಲ್ಲಿ ಒಂಬತ್ತರ ಮೇಲೆ ನನ್ನದೇನೂ ತಕರಾರಿಲ್ಲ. ತಿಂಗಳುಗಟ್ಟಲೆ ಬಾಳುತ್ತವೆ, ಮಳೆಗಾಲದಲ್ಲಿ ನಾದ ಒಂಚೂರು ಮಂಕಾಗುತ್ತದೆ, ಅಷ್ಟೆ. ಮೂರನೆಯದೇ ಬೇರೆ. ಮೇಲಿನ ಜಿ ಶಾರ್ಪ್, 0.011 ಇಂಚಿನ ಬರಿ ಉಕ್ಕಿನ ತಂತಿ. ಹಾಡಿನ ನಡುವೆ, ಅದೂ ಬಿ ಪೆಡಲ್ ತುಳಿದ ಗಳಿಗೆಯಲ್ಲೇ, ಟಪ್ ಅಂತ ಕಿತ್ತುಹೋಗುತ್ತದೆ. ಅದರ ಎಳೆತ ತಪ್ಪಿದ ಕೂಡಲೇ ಉಳಿದವೂ ಕೂದಲೆಳೆಯಷ್ಟು ಶ್ರುತಿ ಬಿಡುತ್ತವೆ. ಮೈಸೂರಿನಲ್ಲಿ ಕೂತು ಈ ವಾದ್ಯ ನುಡಿಸುವವನಿಗೆ ಓಡಿಹೋಗಿ ಇನ್ನೊಂದು ತರಲು ಅಂಗಡಿಯೂ ಇಲ್ಲ. ಹೊರದೇಶದಿಂದ ಸೆಟ್ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು, ವಾರಗಟ್ಟಲೆ ಕಾಯಬೇಕು. ಕಂಪನಿ ಬದಲಾಯಿಸಿಯೂ ನೋಡಿದೆ. ಅದೇ ರಾಗ, ಅದೇ ತಾಳ.

‘ಸ್ವಲ್ಪ ದಪ್ಪದ್ದು ಹಾಕಿ ಸಾರ್’ ಅನ್ನುವವರು ಬಹಳ ಜನ. ಅದು ಕೆಲಸಕ್ಕೆ ಬಾರದ ಸಲಹೆ. ಉಕ್ಕಿನ ತಂತಿ ಯಾವ ಸ್ವರಕ್ಕೆ ಏರಿಸಿದರೆ ಕಿತ್ತುಹೋಗುತ್ತದೆ ಅನ್ನುವುದು ಅದರ ಉದ್ದ ಮತ್ತು ಉಕ್ಕಿನ ಗಟ್ಟಿತನದ ಲೆಕ್ಕ, ದಪ್ಪದ್ದಲ್ಲ. 0.011ರ ಬದಲು 0.012 ಹಾಕಿದರೆ ಉಕ್ಕು ಶೇಕಡಾ 19ರಷ್ಟು ಹೆಚ್ಚುತ್ತದೆ. ಅದೇ ಸ್ವರಕ್ಕೆ ತರಲು ಎಳೆತವೂ ಶೇಕಡಾ 19ರಷ್ಟು ಹೆಚ್ಚಬೇಕು. ಒಂದಕ್ಕೊಂದು ವಜಾ. ಇಪ್ಪತ್ನಾಲ್ಕು ಇಂಚಿನ ಉದ್ದಕ್ಕೆ 0.011 ತಂತಿ ಜಿ ಶಾರ್ಪ್‌ನಲ್ಲಿ ಸುಮಾರು 12.5 ಕೆಜಿ ಭಾರ ಹೊತ್ತಿರುತ್ತದೆ. ಬಿ ಪೆಡಲ್ ತುಳಿದು 440 ಹರ್ಟ್ಸ್‌ನ ಎ ಸ್ವರಕ್ಕೆ ಏರಿಸಿದರೆ 14 ಕೆಜಿ. ಆ ಉಕ್ಕು ತಡೆಯುವ ಮಿತಿಗೆ ಇದು ಬಹಳ ಹತ್ತಿರ. ಮೇಲಿಂದ, ಪ್ರತಿ ಸಲ ತುಳಿದಾಗಲೂ ಚೇಂಜರ್‌ನ (ಪೆಡಲ್‌ಗೆ ತಕ್ಕಂತೆ ತಂತಿಯನ್ನು ಎಳೆಯುವ ಭಾಗ) ಬೆರಳಿನ ಮೇಲೆ ಒಂದೇ ಜಾಗದಲ್ಲಿ ಬಾಗಿ ನೇರವಾಗುತ್ತದೆ. ತುಂಡಾದ ತಂತಿಯ ತುದಿ ನೋಡಿ, ಹೆಚ್ಚಾಗಿ ಅದೇ ಜಾಗ.

ನನಗೆ ಫಲ ಕೊಟ್ಟದ್ದು ಇಡೀ ವಾದ್ಯವನ್ನು ಅರ್ಧ ಸ್ವರ ಇಳಿಸಿದ್ದು. ಈಗ ಪೆಡಲ್ ತುಳಿದರೆ ಮೂರನೇ ತಂತಿ ಮುಟ್ಟುವ ಎತ್ತರ, ಹಿಂದೆ ತುಳಿಯದೇ ಇದ್ದಾಗ ಇದ್ದ ಎತ್ತರ. ಎಳೆತ ಶೇಕಡಾ 11ರಷ್ಟು ಕಡಿಮೆ. ಹಾಡುವವರ ಶ್ರುತಿಗೆ ಏನೂ ತೊಂದರೆಯಿಲ್ಲ, ಬಾರ್ ಒಂದು ಮನೆ ಮುಂದಿಟ್ಟರೆ ಆಯಿತು. ಆದರೆ ಬಿರಡೆ ತಿರುಗಿಸಿ ಮುಗಿಸುವ ಕೆಲಸ ಇದಲ್ಲ. ಪ್ರತಿ ಪೆಡಲ್, ಪ್ರತಿ ಮಂಡಿ ಲಿವರ್ ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಪಕ್ಕದ ಪಟ್ಟಿಯ ನೈಲಾನ್ ನಟ್ಟುಗಳಲ್ಲಿ ಹೊಸದಾಗಿ ಹೊಂದಿಸಬೇಕು. ಒಂದು ಭಾನುವಾರ ಎತ್ತಿಡಿ. ಈ ವಾದ್ಯದಲ್ಲಿ ಹಾಡಿಗೊಂದು ಟ್ಯೂನಿಂಗ್ ಬದಲಾಯಿಸುವ ಆಸೆ ಇಟ್ಟುಕೊಳ್ಳಬೇಡಿ.

ಇಳಿಸಿದ ಮೇಲೆ ಮಿಕ್ಕ ತಂತಿಗಳು ಸಡಿಲ ಅನ್ನಿಸುತ್ತವೆ. ಅವುಗಳಲ್ಲಿ ಹಲವಕ್ಕೆ ಒಂದೊಂದು ಮೆಟ್ಟಿಲು ದಪ್ಪ ಬೇಕು. ನನ್ನ ಸಂಬಳದವನಿಗೆ ನಿಜವಾದ ಸಂತೋಷ ಸಿಕ್ಕಿದ್ದು ಇಲ್ಲಿ, ಏಕೆಂದರೆ ಆ ಅಳತೆಗಳೆಲ್ಲ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್ ಪ್ಯಾಕೆಟ್ಟಿನಲ್ಲೇ ಇವೆ. 11ರಿಂದ ಶುರುವಾಗುವ ಪ್ಯಾಕೆಟ್ಟಿನಲ್ಲಿ 0.011, 0.014, 0.018, 0.028, 0.038 ಸಿಗುತ್ತವೆ, ಕ್ರಮವಾಗಿ ಮೂರು, ನಾಲ್ಕು, ಐದು, ಏಳು, ಹತ್ತನೇ ತಂತಿಗಳು. 10ರ ಪ್ಯಾಕೆಟ್ಟಿನ 0.013 ಒಂದಕ್ಕೆ, 0.036 ಒಂಬತ್ತಕ್ಕೆ. 12ರ ಪ್ಯಾಕೆಟ್ಟಿನ 0.016 ಎರಡಕ್ಕೆ, 0.020 ಆರಕ್ಕೆ, 0.032 ಎಂಟಕ್ಕೆ. ಮೂರು ಪ್ಯಾಕೆಟ್ಟಿಗೆ ಹತ್ತೂ ಮುಗಿಯಿತು. ನನಗೆ ಬಿದ್ದ ಖರ್ಚು, ತರಿಸಿದ ಒಂದು ಸೆಟ್ಟಿಗೆ ಕಸ್ಟಮ್ಸ್, ಕೊರಿಯರ್ ಸೇರಿ ಆಗುತ್ತಿದ್ದುದಕ್ಕಿಂತ ಕಡಿಮೆ. ಉಳಿದ ತಂತಿಗಳು ಪಕ್ಕದ ಮನೆ ಹುಡುಗನ ಗಿಟಾರಿಗೆ ಹೋಗುತ್ತವೆ. 12ರ ಪ್ಯಾಕೆಟ್ ಕೊಳ್ಳುವಾಗ ಅದರ ಮೂರನೇ ತಂತಿ, ಅಂದರೆ ಆ 0.020, ಸುತ್ತಿಲ್ಲದ ಬರಿ ಉಕ್ಕಿನದೇ ಅಂತ ನೋಡಿಕೊಳ್ಳಿ, ಕೆಲವು ಪ್ಯಾಕೆಟ್ಟುಗಳಲ್ಲಿ ಸುತ್ತಿದ್ದು ಇರುತ್ತದೆ. ಅಕೂಸ್ಟಿಕ್ ಗಿಟಾರಿನ ಕಂಚು ಸುತ್ತಿದ ತಂತಿ ಬೇಡವೇ ಬೇಡ, ಪಿಕಪ್‌ನಲ್ಲಿ ಅದರ ದನಿ ಸೊರಗುತ್ತದೆ. ವೀಣೆ ತಂತಿ ಮಾರುವವರ ಹತ್ತಿರ ಕೇಳುವುದಾದರೆ ಅವರ ಗೇಜ್ ನಂಬರು ಏರಿದಷ್ಟೂ ತಂತಿ ತೆಳು ಅನ್ನುವುದು ನೆನಪಿರಲಿ. 31 ನಂಬರಿನದು ಸುಮಾರು 0.0116 ಇಂಚು.

ಇನ್ನು ಶ್ರುತಿ ಮಾಡುವುದು. ಇದಕ್ಕಾಗಿಯೇ ನಾನು ಈ ವಾದ್ಯ ಬಿಟ್ಟಿಲ್ಲ. ಬೆಳಗ್ಗೆ ಕಾಫಿ ಆದ ಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಹತ್ತೂ ತಂತಿ ಒರೆಸುತ್ತೇನೆ. ಮೂರನೆಯದು ಚೇಂಜರ್ ಮುಟ್ಟುವ ಕಡೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಸೂಜಿಯ ತುದಿಯಿಂದ. ಶ್ರುತಿ ಪೆಟ್ಟಿಗೆ ಹಾಕಿ ನಾಲ್ಕು ಮತ್ತು ಎಂಟನ್ನು ಷಡ್ಜಕ್ಕೆ, ಐದನ್ನು ಪಂಚಮಕ್ಕೆ ಸೇರಿಸುತ್ತೇನೆ. ಆಮೇಲೆ ಮೂರು ಮತ್ತು ಆರು. ಇವು ಗಾಂಧಾರ. ಟ್ಯೂನರ್ ಯಂತ್ರ ಹೇಳಿದ ಕಡೆ ನಿಲ್ಲಿಸಿದರೆ ಷಡ್ಜದಿಂದ 400 ಸೆಂಟ್ಸ್ (ಅರ್ಧ ಸ್ವರಕ್ಕೆ ನೂರು ಸೆಂಟ್ಸ್) ಮೇಲೆ ಕೂತು ತಂಬೂರಿಯ ಜೊತೆ ಕಿರಿಕಿರಿ ಮಾಡುತ್ತದೆ. ಬಿರಡೆಯನ್ನು ತುಸುವೇ ಇಳಿಸುತ್ತಾ ಬಂದರೆ ನಾದದ ಅಲುಗಾಟ ನಿಧಾನವಾಗಿ, ನಿಧಾನವಾಗಿ, 386ರ ಹತ್ತಿರ ಪೂರ್ತಿ ನಿಂತುಬಿಡುತ್ತದೆ. ತಂಬೂರಿಯ ಮಂದ್ರದಿಂದ ತಾನಾಗಿ ಏಳುವ ಅಂತರ ಗಾಂಧಾರ ಅದೇ. ಅಮೆರಿಕದ ಸ್ಟೀಲ್ ವಾದಕರಲ್ಲೂ ಬಹುಮಂದಿ ಈ ತಂತಿಗಳನ್ನು ಯಂತ್ರ ತೋರಿಸುವುದಕ್ಕಿಂತ ಕೆಳಗೇ ಇಡುತ್ತಾರೆ, ಕಿವಿಗೆ ಅದೇ ಹಿತ ಅಂತ. ಬಿ ಪೆಡಲ್ ತುಳಿದರೆ ಗಾಂಧಾರ ಶುದ್ಧ ಮಧ್ಯಮಕ್ಕೆ ಜಾರುತ್ತದೆ. ಎ ಪೆಡಲ್ ಪಂಚಮವನ್ನು ಚತುಶ್ರುತಿ ಧೈವತಕ್ಕೆ ಒಯ್ಯುತ್ತದೆ. ಮಂಡಿಯ ಲಿವರ್ ಒತ್ತಿದರೆ ಷಡ್ಜ ಕಾಕಲಿ ನಿಷಾದಕ್ಕೆ ಇಳಿಯುತ್ತದೆ. ಬಾರ್ ಅಲುಗಿಸದೆ, ಬರೀ ಕಾಲಿನಲ್ಲಿ ಶಂಕರಾಭರಣದ ಜಾರು! ಭಾವಗೀತೆ ಹಾಡುವ ಅಕ್ಕ ಒಬ್ಬರು ನಮ್ಮ ಕುವೆಂಪುನಗರದ ತಾಲೀಮಿನಲ್ಲಿ ಇದನ್ನು ಕೇಳಿ, ಪಲ್ಲವಿಯನ್ನು ಇನ್ನೊಮ್ಮೆ ತೆಗೆದುಕೊಂಡರು. ಅಷ್ಟು ಹೊತ್ತಿಗೆ ಮೂರನೇ ತಂತಿಯ ಮೇಲಿದ್ದ ಸಿಟ್ಟೆಲ್ಲ ನನಗೆ ಇಳಿದಿತ್ತು.

ಕೀಬೋರ್ಡ್ ಜೊತೆಗಿದ್ದರೆ ಮಾತ್ರ ಈ ಗಾಂಧಾರ ಒಪ್ಪುವುದಿಲ್ಲ. ಮಂಡ್ಯದ ಕಡೆ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಹೋಗುವಾಗ ಐದಾರು ಸೆಂಟ್ಸ್ ಮೇಲೇರಿಸಿ ರಾಜಿಯಾಗುತ್ತೇನೆ. ಮನಸ್ಸಿಗೆ ಹಿಡಿಸುವುದಿಲ್ಲ, ಆದರೆ ಇಬ್ಬರೂ ಒಟ್ಟಿಗೆ ಕೇಳಿಸಬೇಕಲ್ಲ.

ಆರನೇ ತಂತಿಗೆ ಸುತ್ತಿದ 0.022 ಹಾಕುವವರೂ ಇದ್ದಾರೆ. ನಾದ ತುಂಬಿಕೊಂಡಿರುತ್ತದೆ, ಮೂರು ಮತ್ತು ಆರು ಒಟ್ಟಿಗೆ ಏರುವಾಗ ಜೋಡಿ ಚೆನ್ನಾಗಿ ಕೂಡುತ್ತದೆ. ಆದರೆ ಆ ತಂತಿಯನ್ನೇ ಲಿವರ್‌ನಲ್ಲಿ ಒಂದು ಪೂರ್ತಿ ಸ್ವರ ಇಳಿಸುವುದಿದ್ದರೆ ಮಂಡಿ ಬಹಳ ದೂರ ಚಲಿಸಬೇಕು. ನನ್ನ ನುಡಿಸಾಣಿಕೆಯಲ್ಲಿ ಆ ಇಳಿತ ಪದೇ ಪದೇ ಬರುವುದರಿಂದ ಬರಿ 0.020ನ್ನೇ ಉಳಿಸಿಕೊಂಡಿದ್ದೇನೆ.

ತಂತಿ ಸೆಟ್ಟಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕೊರತೆಯ ಒಂದು ಅಂಕ, ಪೆಡಲ್ ಸ್ಟೀಲ್‌ಗೆಂದೇ ಮಾಡಿದ ಸೆಟ್ಟಿನಲ್ಲಿ ಮೂರನೇ ತಂತಿಯನ್ನು ಒಂದೇ ಇಡುವವರಿಗೆ. ಇನ್ನೊಂದು ಹೆಚ್ಚುವರಿ ಇಟ್ಟರೆ ಅವರಿಗೆ ಬೀಳುವ ಖರ್ಚು ಅಲ್ಪ, ನಮಗೆ ಕಾರ್ಯಕ್ರಮವೇ ಉಳಿಯುತ್ತದೆ. ಅಲ್ಲಿಯವರೆಗೆ 0.011ರ ಬಿಡಿ ತಂತಿಗಳನ್ನು ಮೊದಲೇ ಕೊಂಡು, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ, ಬಾರ್ ಇಡುವ ಚೀಲದಲ್ಲೇ ಇಟ್ಟುಕೊಳ್ಳಿ.