ಗೋವಾ ಮದುವೆಗೆ ಬಂದ ನೆಂಟರಿಗೆ ಯಾವುದು ಚೆಂದ: ದೂಧಸಾಗರವೋ, ದಿವಾರ್ ಫೆರ್ರಿಯೋ, ತಾಂಬ್ಡಿ ಸುರ್ಲಾವೋ?

ಕಳೆದ ಡಿಸೆಂಬರಿನಲ್ಲಿ ನಮ್ಮ ತಂಗಿ ಮಗಳ ಮದುವೆ ಫೋಂಡಾದಲ್ಲಿ ಇತ್ತು. ಧಾರವಾಡ, ವಿಜಯಪುರ, ಶಿರಸಿ ಕಡೆಯಿಂದ 40 ಜನ ನೆಂಟರು ಮೂರು ದಿನ ಮುಂಚೆಯೇ ಬಂದಿಳಿದರು. ವಾಸ್ಕೋದಲ್ಲಿ ಇರುವವನು ನಾನೊಬ್ಬನೇ. ತಿರುಗಾಡಿಸುವ ಹೊಣೆ ನನಗೇ ಬಂತು. ಬೀಚ್ ಬಿಟ್ಟು ಬೇರೆ ತೋರಿಸಪ್ಪಾ ಅಂತ ಹಿರಿಯರ ಮಾತು.

ಮೊದಲ ದಿನ ದೂಧಸಾಗರ. 310 ಮೀಟರ್ ಎತ್ತರದ ಜಲಪಾತ, ಹೆಸರು ಕೇಳಿದರೇ ಮಕ್ಕಳು ಕುಣಿದರು. ಆದರೆ ಜೀಪು ಹೊರಡುವ ಕುಲೆಂ ಊರಿನಲ್ಲಿ ಕಾದದ್ದೇ ಎರಡು ತಾಸು. ಒಂದು ಜೀಪಿಗೆ 7 ಜನ, ಕಾಡಿನ ದಾರಿ, ಹಳ್ಳ ದಾಟುವಾಗ ಎಲುಬು ಸಡಿಲವಾಗುವಷ್ಟು ಕುಲುಕಾಟ. ಜೀಪ್ ಇಳಿದ ಮೇಲೂ ಬಂಡೆಗಳ ಮೇಲೆ ನಡೆಯಬೇಕು. ಸೋದರತ್ತೆ ಅರ್ಧ ದಾರಿಗೇ ಕುಳಿತುಬಿಟ್ಟರು. ವಾಪಸ್ ಬರುವಷ್ಟರಲ್ಲಿ ಅರಿಶಿನದ ಶಾಸ್ತ್ರ ಮುಗಿಯುತ್ತಾ ಬಂದಿತ್ತು. ಅದು ನನಗೆ ಇವತ್ತಿಗೂ ಬೇಜಾರು. ಇನ್ನೊಂದು ಮಾತು: ಹುಬ್ಬಳ್ಳಿಯಿಂದ ಕ್ಯಾಸಲ್‌ರಾಕ್ ಮೇಲೆ ಹಗಲು ರೈಲಿನಲ್ಲಿ ಬಂದವರು ಈ ಜಲಪಾತವನ್ನು ಬೋಗಿಯ ಕಿಟಕಿಯಿಂದಲೇ ನೋಡಿದ್ದರು! ಹುಡುಗರಿದ್ದರೆ ಹೋಗಲಿ, ಅದೂ ಮದುವೆ ಮುಗಿದ ಮೇಲೆ.

ಎರಡನೇ ದಿನ ಬೆಳಿಗ್ಗೆ ಹಳೇ ಗೋವಾ. 1605ರ ಬಾಮ್ ಜೀಸಸ್ ಚರ್ಚ್ ನೋಡಿದೆವು. ಹೊರಗೋಡೆಗೆ ಗಾರೆ ಇಲ್ಲ, ಬರೀ ಕೆಂಪು ಕಲ್ಲು. "ನಮ್ಮೂರ ಚಿರೇಕಲ್ಲು ಮಾರಾಯಾ" ಅಂತ ಶಿರಸಿ ಮಾವ ಗೋಡೆ ಸವರಿದರು. ಅಲ್ಲಿಂದ ನಡೆದೇ ಫೆರ್ರಿ ಹತ್ತಿರ ಬಂದೆವು. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಮಾಂಡೋವಿ ದಾಟಿ ಕೆಲವೇ ನಿಮಿಷದಲ್ಲಿ ದಿವಾರ್ ದ್ವೀಪ. ಗೋವಾ ಕದಂಬರ ದೇವರು ಸಪ್ತಕೋಟೀಶ್ವರನ ಗುಡಿ ಮೊದಲು ಇದ್ದದ್ದು ಇಲ್ಲೇ. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ದೇವರು ನದಿಯಾಚೆ ನಾರ್ವೆ ಅನ್ನುವ ಹಳ್ಳಿಗೆ ಹೋಯಿತು. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಅಜ್ಜಿ ಫೆರ್ರಿಯ ಕಟ್ಟೆ ಮೇಲೆ ಕುಳಿತು ಸೆರಗು ಬಿಗಿಹಿಡಿದು ನೀರನ್ನೇ ನೋಡುತ್ತಿದ್ದರು. "ಇನ್ನೊಮ್ಮೆ ಹೋಗೋಣೇನು?" ಅಂದರು. ಸುಮ್ನೆ ಇನ್ನೊಂದು ಸುತ್ತು ಹೋಗಿ ಬಂದೆವು. ಊಟದ ಹೊತ್ತಿಗೆ ಛತ್ರದಲ್ಲಿ ಇದ್ದೆವು. ಅರ್ಧ ದಿನ ಮಾತ್ರ ಕೈಯಲ್ಲಿದ್ದರೆ ಇದಕ್ಕೆ ಸಾಟಿ ಇಲ್ಲ.

ಫೋಂಡಾದ ಮಸಾಲೆ ತೋಟಕ್ಕೂ ಒಂದು ಗುಂಪು ಹೋಗಿತ್ತು. ವಿಜಯಪುರದವರಿಗೆ ಬಳ್ಳಿ ಮೇಲಿನ ಮೆಣಸು ಕಂಡು ಖುಷಿ. ಶಿರಸಿಯವರಿಗೆ ಅದು ಮನೆ ಹಿತ್ತಿಲು, ಅಲ್ವಾ!

ನನ್ನ ಮನಸ್ಸು ಮಾತ್ರ ತಾಂಬ್ಡಿ ಸುರ್ಲಾದಲ್ಲೇ ಉಳಿಯಿತು. ಮದುವೆಯ ಮಾರನೇ ದಿನ ಹೋದೆವು. ಕಾಡಿನ ನಡುವೆ ಕದಂಬರ ಕಾಲದ ಪುಟ್ಟ ಶಿವಾಲಯ. ಇಡೀ ಗುಡಿ ಕಪ್ಪು ಕಲ್ಲು. ಸುತ್ತಮುತ್ತ ಆ ಕಲ್ಲು ಸಿಗುವುದಿಲ್ಲ, ಘಟ್ಟದ ಮೇಲಿನಿಂದ ಹೊತ್ತು ತಂದದ್ದು ಅನ್ನುತ್ತಾರೆ. ಮಂಟಪದ ನಡುವೆ ತಲೆ ಇಲ್ಲದ ನಂದಿ. ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುವ ಕೆತ್ತನೆ ಇದೆ. ಅಂಗೈಯಷ್ಟು ಜಾಗದಲ್ಲಿ ಕುದುರೆಯ ಮಡಚಿದ ಕಾಲು ಕೂಡ ಸ್ಪಷ್ಟ. ಧಾರವಾಡದ ಕಾಕಾ ನೆಲಕ್ಕೆ ಕುಳಿತು ಮೊಬೈಲ್ ಟಾರ್ಚ್ ಹಿಡಿದು ಮಕ್ಕಳಿಗೆ ಅದನ್ನು ತೋರಿಸಿದರು. ನಮ್ಮವರ ರಾಜ್ಯ ಇಲ್ಲಿವರೆಗೂ ಇತ್ತು ಅಂತ ಹೇಳುವಾಗ ಅವರ ದನಿ ತುಂಬಿ ಬಂತು. ಆಮೇಲೆ ಮೆಟ್ಟಿಲಿಳಿದು ಹೊಳೆಯಲ್ಲಿ ಎಲ್ಲರೂ ಕಾಲು ಇಳಿಬಿಟ್ಟು ಕುಳಿತೆವು.

ಪಣಜಿಯಿಂದ ಸುಮಾರು 65 ಕಿಲೋಮೀಟರ್ ದೂರ, ಪೂರಾ ಒಂದು ದಿನ ಇಟ್ಟುಕೊಳ್ಳಿ. ಹೋಟೆಲ್ ನಂಬಿಕೊಂಡು ಹೋಗಬೇಡಿ. ನಾವು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು: ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮದುವೆ ಮನೆಯಲ್ಲಿ ಮಿಕ್ಕಿದ್ದ ಲಾಡು ಕೂಡ ಅಲ್ಲೇ ಖಾಲಿಯಾಯಿತು.