ದಿನಕ್ಕೊಂದು ಹಾಳೆ ಹರಿಯುವ ಕೊರಿಯನ್ ಕ್ಯಾಲೆಂಡರ್: ಮೂರು ವರ್ಷ ಬಳಸಿದ ಮೇಲೆ

2023ರ ಜನವರಿ 1 ಭಾನುವಾರ ಬಿದ್ದಿತ್ತು. ಅದನ್ನು ಕೊರಿಯನ್ನಿನಲ್ಲಿ ಹೇಳಬೇಕಾದರೆ ‘ಇರ್ವೊಲ್ ಇರಿಲ್ ಇರ್ಯೊಯಿಲ್’. ಈ ಮೂರು ಪದದಲ್ಲಿ ‘ಇಲ್’ ಐದು ಸಲ ಅಡಗಿದೆ, ಮುಂದಿನ ಅಕ್ಷರಕ್ಕೆ ಕೂಡಿದಾಗ ಅದು ‘ಇರ್’ ಎಂದು ಕೇಳಿಸುತ್ತದೆ. ಎರಡು ಕಡೆ ಅದರ ಅರ್ಥ ಒಂದು, ಎರಡು ಕಡೆ ದಿನ, ಇನ್ನೊಂದು ಕಡೆ ಸೂರ್ಯ. ನಾನು ಕೊಂಡ ಕ್ಯಾಲೆಂಡರಿನ ಮೊದಲನೇ ಹಾಳೆಯೇ ಇದು. ಬಾಡಿಗೆ ಮನೆಯ ಅಡುಗೆಕೋಣೆಯ ಗೋಡೆಗೆ ಅದನ್ನು ನೇತುಹಾಕಿ, ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ. ಅವತ್ತಿನಿಂದ ಇವತ್ತಿನವರೆಗೆ ಊರಿಗೆ ಹೋದ ದಿನಗಳನ್ನು ಮತ್ತು 2024ರ ಒಂದು ವರ್ಷವನ್ನು ಬಿಟ್ಟರೆ ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ.

ನಾನಿರುವುದು ದಕ್ಷಿಣ ಕೊರಿಯಾದ ದೇಜೊನ್ ನಗರದಲ್ಲಿ, ಕೆಲಸ ಪ್ರಯೋಗಾಲಯದಲ್ಲಿ. ಇಲ್ಲಿಗೆ ಬರುವ ಮೊದಲು ಆರು ತಿಂಗಳು ದುಡ್ಡು ಕಟ್ಟಿ ಒಂದು ಮೊಬೈಲ್ ಆ್ಯಪ್‌ನಲ್ಲಿ ಕೊರಿಯನ್ ಕಲಿತಿದ್ದೆ. ಪರದೆ ಮೇಲೆ ಪದ ಬಂದರೆ ಅರ್ಥ ಒತ್ತುತ್ತಿದ್ದೆ, ಅಂಕ ಬರುತ್ತಿತ್ತು. ಬಂದ ಮೊದಲ ತಿಂಗಳೇ ಅದರ ಕೊರತೆ ಗೊತ್ತಾಯಿತು. 2022ರ ಸೆಪ್ಟೆಂಬರಿನಲ್ಲಿ ಮನೆ ಬ್ರೋಕರ್ ಹತ್ತಿರ “ಇನ್ನು ಮೂರು ತಿಂಗಳು ಈ ರೂಮಿನಲ್ಲೇ ಇರುತ್ತೇನೆ” ಎನ್ನಲು ಹೋಗಿ ‘ಸಾಮ್ವೊಲ್’ ಎಂದೆ. ಸಾಮ್ ಎಂದರೆ ಮೂರು, ವೊಲ್ ಎಂದರೆ ತಿಂಗಳು, ಎರಡೂ ಸರಿಯೇ. ಆದರೆ ಎರಡನ್ನೂ ಹಾಗೆ ಕೂಡಿಸಿದರೆ ಅದು ಮೂರನೇ ತಿಂಗಳಾಗುತ್ತದೆ, ಅಂದರೆ ಮಾರ್ಚ್. ಮೂರು ತಿಂಗಳ ಅವಧಿಗೆ ‘ಸಾಮ್ ಗೆವೊಲ್’ ಎನ್ನಬೇಕು, ಇಲ್ಲವೇ ಅಚ್ಚ ಕೊರಿಯನ್ನಿನಲ್ಲಿ ‘ಸೊಕ್ ದಾಲ್’. ಅವರು ಮಾರ್ಚ್‌ವರೆಗೆ ಎಂದು ಬರೆದುಕೊಂಡರು. ಡಿಸೆಂಬರಿನಲ್ಲಿ ನಾನು ಗಂಟುಮೂಟೆ ಕಟ್ಟಿಕೊಂಡು ನಿಂತಾಗ ಅಡ್ವಾನ್ಸ್ ವಾಪಸು ಬರಲು ಬಹಳ ದಿನ ಹಿಡಿಯಿತು. ತಪ್ಪು ನನ್ನದೇ. ಆ ವಾರವೇ ಸ್ಟೇಷನರಿ ಅಂಗಡಿಗೆ ಹೋಗಿ ಈ ಕ್ಯಾಲೆಂಡರ್ ತಂದೆ.

ಇದಕ್ಕೆ ಇಲ್ಲಿ ‘ಇಲ್ಲ್ಯೊಕ್’ ಎನ್ನುತ್ತಾರೆ. ನಮ್ಮಲ್ಲಿ ಜವಳಿ ಅಂಗಡಿ, ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುತ್ತಿದ್ದ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್‌ ಇದೆಯಲ್ಲ, ಅದೇ. ತೆಳು ಕಾಗದ, ನಡುವೆ ಅಂಗೈ ಅಗಲದ ಅಂಕಿ. ವಾರದ ದಿನ ಕಪ್ಪು, ಶನಿವಾರ ನೀಲಿ, ಭಾನುವಾರ ಮತ್ತು ರಜೆ ಕೆಂಪು. ರಜಾದಿನಕ್ಕೆ ಇಲ್ಲಿಯ ಜನ ಆಡುಮಾತಿನಲ್ಲಿ ‘ಪ್ಪಾಲ್ಗಾನ್ ನಾಲ್’, ಕೆಂಪು ದಿನ, ಎನ್ನುವುದೇ ಇದರಿಂದ. ಮೇಲ್ಗಡೆ ವರ್ಷ ಮತ್ತು ತಿಂಗಳು, ಅಂಕಿಯ ಕೆಳಗೆ ವಾರದ ಹೆಸರು, ತೀರ ಕೆಳಗೆ ಸಣ್ಣಕ್ಷರದಲ್ಲಿ ಚಾಂದ್ರಮಾನದ ದಿನಾಂಕ. ನನಗೆ ಬಿದ್ದ ಬೆಲೆ ಸುಮಾರು 15,000 ವನ್. ಇದು ಭಾಷೆ ಕಲಿಯುವವರಿಗೆಂದು ಮಾಡಿದ ವಸ್ತುವಲ್ಲ, ಇಲ್ಲಿಯವರೇ ಬಳಸುವುದು. ಅದೇ ಇದರ ದೊಡ್ಡ ಗುಣ ಎಂದು ಈಗ ಅನ್ನಿಸುತ್ತದೆ.

ವಾರದ ಹೆಸರುಗಳ ವಿಷಯಕ್ಕೆ ಬಂದರೆ, ಕನ್ನಡ ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ. ಆ್ಯಪ್‌ನಲ್ಲಿ ಏಳೂ ಪದವನ್ನು ಬಾಯಿಪಾಠ ಮಾಡಿ ಒದ್ದಾಡಿದ್ದೆ, ಯಾಕೆಂದರೆ ಅದು ಇಂಗ್ಲಿಷಿನ ಹೆಸರಿಗೆ ಜೋಡಿಸಿ ಹೇಳಿಕೊಡುತ್ತಿತ್ತು. ಹಾಳೆಯ ಮೇಲೆ ದಿನಾ ನೋಡುತ್ತಾ ಹೋದಾಗ ಹೊಳೆಯಿತು, ಇದು ನಮ್ಮದೇ ವಾರ. ‘ವೊರ್ಯೊಯಿಲ್’ ಚಂದ್ರನ ದಿನ, ಸೋಮವಾರ. ‘ಹ್ವಾಯೊಯಿಲ್’ ಬೆಂಕಿಯ ದಿನ. ಕೊರಿಯನ್ನರಿಗೆ ಮಂಗಳ ಗ್ರಹ ‘ಬೆಂಕಿ ನಕ್ಷತ್ರ’, ನಮಗೆ ಅವನು ಅಂಗಾರಕ, ಅಂಗಾರ ಎಂದರೆ ಕೆಂಡ. ‘ಸುಯೊಯಿಲ್’ ನೀರಿನ ದಿನ, ನೀರಿನ ನಕ್ಷತ್ರ ಬುಧ. ‘ಮೊಗ್ಯೊಯಿಲ್’ ಮರದ ದಿನ, ಮರದ ನಕ್ಷತ್ರ ಗುರು. ‘ಗುಮ್ಯೊಯಿಲ್’ ಲೋಹದ ದಿನ, ಶುಕ್ರ. ‘ಥೊಯೊಯಿಲ್’ ಮಣ್ಣಿನ ದಿನ, ಶನಿ. ‘ಇರ್ಯೊಯಿಲ್’ ಆದಿತ್ಯವಾರ. ಗ್ರಹಗಳ ಸಾಲು ಒಂದಿಷ್ಟೂ ಕದಲಿಲ್ಲ. ಈ ಏಳು ಗ್ರಹಗಳ ಲೆಕ್ಕ ಪೂರ್ವಕ್ಕೆ ಹೋದ ದಾರಿಯಲ್ಲಿ ನಮ್ಮ ಕಡೆಯ ಜ್ಯೋತಿಷವೂ ಇದೆ. 8ನೇ ಶತಮಾನದಲ್ಲಿ ಅಮೋಘವಜ್ರ ಎಂಬ ಬೌದ್ಧ ಭಿಕ್ಷು ಗ್ರಹ, ನಕ್ಷತ್ರಗಳ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದಿದ್ದ. ಕೊರಿಯಾ ಸೌರ ಕ್ಯಾಲೆಂಡರನ್ನು ಸರ್ಕಾರದ ಲೆಕ್ಕಕ್ಕೆ ತೆಗೆದುಕೊಂಡದ್ದು ಮಾತ್ರ ಬಹಳ ತಡವಾಗಿ, 1896ರ ಜನವರಿ 1ರಿಂದ.

ಇನ್ನೊಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ಅಚ್ಚ ಕೊರಿಯನ್ನಿನಲ್ಲಿ ‘ದಾಲ್’ ಎಂದರೆ ಚಂದ್ರ, ತಿಂಗಳು ಎನ್ನುವುದಕ್ಕೂ ಅದೇ ದಾಲ್. ಕನ್ನಡದ ತಿಂಗಳಿಗೂ ಎರಡೂ ಅರ್ಥ ಇದೆಯಲ್ಲ! ಬೆಳದಿಂಗಳಿನಲ್ಲಿ ಇರುವುದು ಚಂದ್ರ, ಸಂಬಳದ ದಿನ ಎಣಿಸುವುದು ತಿಂಗಳು. ಅದಾದ ಮೇಲೆ ‘ಸೊಕ್ ದಾಲ್’ ನನಗೆ ಮತ್ತೆ ಮರೆಯಲಿಲ್ಲ: ಮೂರು ಚಂದ್ರ, ಮೂರು ತಿಂಗಳು.

ಹನ್ನೆರಡು ತಿಂಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಸುಲಭ ಅನ್ನಿಸುತ್ತದೆ, ಆದರೆ ಎರಡು ಕಡೆ ಜಾರುತ್ತದೆ. ಆರು ‘ಯುಕ್’, ಆದರೆ ಜೂನ್ ‘ಯುಕ್‌ವೊಲ್’ ಅಲ್ಲ, ‘ಯುವೊಲ್’. ಹತ್ತು ‘ಶಿಪ್’, ಆದರೆ ಅಕ್ಟೋಬರ್ ‘ಶಿವೊಲ್’. ನಮ್ಮ ಲೋಪಸಂಧಿಯಲ್ಲಿ ಸ್ವರ ಬಿದ್ದುಹೋಗುವಂತೆ ಇಲ್ಲಿ ವ್ಯಂಜನ ಬಿದ್ದುಹೋಗಿದೆ. ಕ್ಯಾಲೆಂಡರಿನ ಮೊದಲ ಕೊರತೆ ಕಾಣುವುದೂ ಇಲ್ಲಿಯೇ. ತಿಂಗಳನ್ನು ಅಂಕಿಯಲ್ಲಿ ಅಚ್ಚು ಹಾಕಿರುವುದರಿಂದ ಉಚ್ಚಾರಣೆ ಹಾಳೆಯಿಂದ ತಿಳಿಯುವುದೇ ಇಲ್ಲ. ವಾರದ ಹೆಸರು ಅಕ್ಷರದಲ್ಲಿದ್ದರೂ ಬರೆದದ್ದೇ ಬೇರೆ, ಕೇಳುವುದೇ ಬೇರೆ. ‘ಮೊಕ್’, ‘ಯೊಯಿಲ್’ ಎಂದು ಬರೆದದ್ದು ಬಾಯಲ್ಲಿ ‘ಮೊಗ್ಯೊಯಿಲ್’ ಆಗುತ್ತದೆ. ಮೊದಲ ಆರು ತಿಂಗಳು ನಾನು ಹಾಳೆ ಹರಿದ ಕೂಡಲೇ ಫೋನಿನಲ್ಲಿ ಆ ದಿನಾಂಕದ ಧ್ವನಿ ಕೇಳಿ, ಅದರ ಹಿಂದೆಯೇ ಹೇಳುತ್ತಿದ್ದೆ. ಆ ಜೊತೆ ಇಲ್ಲದಿದ್ದರೆ ಈ ಕ್ಯಾಲೆಂಡರ್ ಕಣ್ಣಿಗೆ ಮಾತ್ರ ಪಾಠ.

ಎರಡನೇ ಕೊರತೆ ದೊಡ್ಡದು. ದಿನಾಂಕ ಹೇಳುವ ಲೆಕ್ಕ ಬೇರೆ, ದಿನ ಎಣಿಸುವ ಲೆಕ್ಕ ಬೇರೆ. ಮೂರನೇ ತಾರೀಕು ‘ಸಾಮಿಲ್’, ಮೂರು ದಿನ ‘ಸಾಹುಲ್’. ಈ ಎಣಿಕೆಗೆ ಅಚ್ಚ ಕೊರಿಯನ್ನಿನ ಪದಗಳ ಸಾಲೇ ಇದೆ: ಹಾರು, ಇಥುಲ್, ಸಾಹುಲ್, ನಾಹುಲ್, ದಾತ್ಸೆ, ಯೊತ್ಸೆ, ಇರೆ, ಯೊದುರೆ, ಆಹುರೆ, ಯೊಲ್‌ಹುಲ್. ಹದಿನೈದು ದಿನಕ್ಕೆ ‘ಬೊರುಮ್’, ಹುಣ್ಣಿಮೆಗೂ ಅದೇ ಪದ. ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ಅಜ್ಜಿ ಬೆರಳು ಮಡಚುತ್ತಿದ್ದದ್ದನ್ನು ನೋಡಿ ಬೆಳೆದ ನನಗೆ ಇಂಥ ಬೇರೆಯದೇ ಒಂದು ಸಾಲು ವಿಚಿತ್ರ ಅನ್ನಿಸಲಿಲ್ಲ. ಆದರೆ ಹಾಳೆಯ ಮೇಲೆ ಈ ಪದಗಳು ಎಲ್ಲೂ ಬರುವುದಿಲ್ಲ. ಇಲ್ಲಿಯವರಿಗೇ ಇವು ತಪ್ಪುತ್ತವೆ. 2020ರ ಆಗಸ್ಟ್ 17ನ್ನು ಸರ್ಕಾರ ರಜೆ ಎಂದು ಸಾರಿ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ ರಜೆ ಕೂಡಿಬಂದಾಗ, ಸುದ್ದಿಯಲ್ಲಿ ಬಂದ ‘ಸಾಹುಲ್’ ಪದವನ್ನು ಬಹಳ ಜನ ನಾಲ್ಕು ದಿನ ಎಂದುಕೊಂಡರು, ಏಕೆಂದರೆ ‘ಸಾ’ ಎಂದರೆ ನಾಲ್ಕು. ಅರ್ಥ ಹುಡುಕಿದವರು ಎಷ್ಟೆಂದರೆ ಆ ಪದವೇ ಹುಡುಕಾಟದ ಪಟ್ಟಿಯಲ್ಲಿ ಮೇಲಕ್ಕೇರಿತ್ತು.

ನನಗೆ ಈ ಸಾಲು ಹತ್ತಿದ್ದು ಸಂತೆಯಲ್ಲಿ. ನಮ್ಮ ನಗರದ ಯುಸೊಂಗ್‌ನಲ್ಲಿ ಐದು ದಿನಕ್ಕೊಮ್ಮೆ ಸಂತೆ, 4 ಮತ್ತು 9ರಿಂದ ಕೊನೆಯಾಗುವ ತಾರೀಕುಗಳಲ್ಲಿ: 4, 9, 14, 19, 24, 29. ನಮ್ಮ ಸಂತೆ ವಾರದ ಹೆಸರು ಹಿಡಿದು ನಡೆದರೆ ಇವರದು ತಾರೀಕಿನ ಕೊನೆಯಂಕಿ ಹಿಡಿದು. ಒಂದು ದಿನ ಸೊಪ್ಪಿನ ಅಜ್ಜಿಯ ಹತ್ತಿರ ಎಳೆ ಮೂಲಂಗಿ ಕೇಳಿದೆ, ಮುಗಿದಿತ್ತು. “ದಾತ್ಸೆ ಬಿಟ್ಟು ಬಾ” ಎಂದರು. ನಾನು ಸುಮ್ಮನೆ ನಿಂತೆ. ಅವರು ಮಣ್ಣು ಮೆತ್ತಿದ ಕೈಯೆತ್ತಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಒಳಕ್ಕೆ ಮಡಚುತ್ತಾ ಹೋದರು. “ಹಾರು, ಇಥುಲ್, ಸಾಹುಲ್, ನಾಹುಲ್, ದಾತ್ಸೆ.” ಕಿರುಬೆರಳು ಮಡಚುವಾಗ ನನ್ನ ಕಣ್ಣನ್ನೇ ನೋಡಿದರು. ಐದು ದಿನ, ಮುಂದಿನ ಸಂತೆ. ಮನೆಗೆ ಬಂದು ಐದು ಹಾಳೆ ಎತ್ತಿ, ಆರನೆಯದರ ಮೂಲೆ ಮಡಿಸಿ ‘ದಾತ್ಸೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಆಮೇಲೆ ಇದೇ ರೂಢಿಯಾಯಿತು. ಭಾನುವಾರ ಕೂತು ಮುಂದಿನ ಹತ್ತು ಹಾಳೆಯ ಮೂಲೆಯಲ್ಲಿ ಹಾರುವಿನಿಂದ ಯೊಲ್‌ಹುಲ್‌ವರೆಗೆ ಬರೆಯುವುದು. ಕೊಂಡವರಿಗೆ ನನ್ನ ಮೊದಲ ಸಲಹೆ ಇದೇ.

ನಾಳೆ, ನಾಡಿದ್ದುಗಳ ವಿಷಯದಲ್ಲಿ ನಾವು ಅದೃಷ್ಟವಂತರು. ‘ನೆಯಿಲ್’ ನಾಳೆ, ‘ಮೊರೆ’ ನಾಡಿದ್ದು, ‘ಗುಲ್ಪಿ’ ಆಚೆ ನಾಡಿದ್ದು. ಹಿಂದಕ್ಕೆ ‘ಒಜೆ’ ನಿನ್ನೆ, ‘ಗುಜೊಕ್ಕೆ’ ಮೊನ್ನೆ. ನಾವು ‘ಮೊನ್ನೆ ಮೊನ್ನೆ ನೋಡಿದ ಹಾಗಿದೆ’ ಎನ್ನುತ್ತೇವಲ್ಲ, ದಿನದ ಲೆಕ್ಕ ಹಿಡಿಯದ ಆ ಮೊನ್ನೆಗೂ ಪದ ಇದೆ, ‘ಒತ್ಕುಜೆ’. ನನ್ನ ಜೊತೆ ಕೊರಿಯನ್ ಕಲಿಯುತ್ತಿದ್ದ ಯುರೋಪಿನ ಗೆಳತಿ ಮೊರೆ, ಗುಲ್ಪಿಗಳನ್ನು ಎರಡು ದಿನ, ಮೂರು ದಿನ ಎಂದು ಎಣಿಸಿ ಅರ್ಥ ಮಾಡಿಕೊಳ್ಳಬೇಕಿತ್ತು. ನಾನು ಎಣಿಸಲೇ ಇಲ್ಲ.

ಕೆಳಗಿನ ಸಣ್ಣಕ್ಷರದ ಸಾಲು ಮೊದಲ ಎರಡು ತಿಂಗಳು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. 2023ರ ಮಾರ್ಚ್ 22, ಯುಗಾದಿ. ಬೇವು ಸಿಗಲಿಲ್ಲ, ಬೆಲ್ಲ ಇತ್ತು. ಹಾಳೆ ಹರಿದಾಗ ಕೆಳಗೆ ‘ಯುನ್’ ಎಂಬ ಅಕ್ಷರ, ಅದರ ಮುಂದೆ 2, 1. ಕೆಳಗಿನ ಮನೆಯಲ್ಲಿರುವ ಮನೆಯೊಡತಿ, ಅವರನ್ನು ನಾನು ‘ಹಾಲ್ಮೊನಿ’ ಎಂದೇ ಕರೆಯುವುದು, ಅಜ್ಜಿ ಎಂದ ಹಾಗೆ, ಅವರಿಗೆ ತೋರಿಸಿದೆ. “ಯುನ್ದಾಲ್ ಶುರುವಾಯಿತು” ಎಂದರು. ಅಧಿಕ ಮಾಸ! ಆ ವರ್ಷ ಅವರಿಗೆ ಎರಡನೇ ತಿಂಗಳು ಎರಡು ಸಲ ಬಂದಿತ್ತು. ನಮಗೂ ಅದೇ ವರ್ಷ ಅಧಿಕ, ಆದರೆ ಶ್ರಾವಣದಲ್ಲಿ, ಜುಲೈ 18ರಿಂದ. ಅವರ ಹೆಚ್ಚುವರಿ ತಿಂಗಳಿಗೆ ದೆವ್ವದ ಕಾಟವಿಲ್ಲ ಎಂಬ ನಂಬಿಕೆ, ಹಾಗಾಗಿ ಹಿರಿಯರು ತಮ್ಮ ಕೊನೆಯ ಬಟ್ಟೆಯನ್ನು ಹೊಲಿಸಿಡುವುದು, ಪೂರ್ವಜರ ಗೋರಿ ಬೇರೆ ಕಡೆಗೆ ಸಾಗಿಸುವುದು ಆಗಲೇ. ಹಾಲ್ಮೊನಿ ಅದನ್ನು ಮಳೆಗಾಲಕ್ಕೆ ಸೌದೆ ಕೂಡಿಟ್ಟ ಮಾತಿನ ಹಾಗೆ ನೆಮ್ಮದಿಯಾಗಿ ಹೇಳಿದರು. ಜುಲೈನಲ್ಲಿ ಸಾಗರದಿಂದ ಅಮ್ಮ ಫೋನ್ ಮಾಡಿ, “ಅಧಿಕ ಮಾಸ ಕಣೆ, ಮಾವನ ಮನೆ ಗೃಹಪ್ರವೇಶ ಮುಂದಕ್ಕೆ ಹೋಯ್ತು” ಎಂದಾಗ ನಾನು ಗೋಡೆಯತ್ತ ನೋಡಿದೆ. ಅಲ್ಲಿ ಯುನ್ದಾಲ್ ಮುಗಿದು ಮೂರು ತಿಂಗಳಾಗಿತ್ತು.

ಇದೇ ಸಾಲಿನಲ್ಲಿ ಸುಮಾರು ಹದಿನೈದು ದಿನಕ್ಕೊಂದು ‘ಜೊಲ್ಗಿ’ ಬರುತ್ತದೆ, ವರ್ಷಕ್ಕೆ 24. ಸೂರ್ಯನ ದಾರಿಯನ್ನು ಭಾಗ ಮಾಡಿದ ಲೆಕ್ಕ, ನಮ್ಮ ಮಳೆ ನಕ್ಷತ್ರಗಳ ಹಾಗೆಯೇ. ಮಾರ್ಚ್ ಮೊದಲ ವಾರದ ‘ಗ್ಯೊಂಗ್‌ಚಿಪ್’ಗೆ ಕಪ್ಪೆಗಳು ಎದ್ದು ಬರುತ್ತವೆ ಎನ್ನುತ್ತಾರೆ. ಆಗಸ್ಟ್ ಕೊನೆಯ ‘ಛೊಸೊ’ ದಾಟಿದರೆ ಸೊಳ್ಳೆಯ ಬಾಯಿ ಸೊಟ್ಟಗಾಗುತ್ತದೆ ಎಂಬ ಗಾದೆಯಿದೆ. ಜೂನ್ 21ರ ಹಾಳೆಯಲ್ಲಿ ‘ಹಾಜಿ’ ಎಂದಿರುತ್ತದೆ, ವರ್ಷದ ಅತಿ ದೀರ್ಘ ಹಗಲು. ಅದೇ ಹೊತ್ತಿಗೆ ಅಮ್ಮನ ಬಾಯಲ್ಲಿ ಆರಿದ್ರಾ ಮಳೆಯ ಸುದ್ದಿ. ಈ 24 ಪದ ಯಾವ ಆರಂಭದ ಪರೀಕ್ಷೆಗೂ ಬೇಡ. ಆದರೆ ಸಂತೆಯಲ್ಲಿ, ಬಸ್ ಸ್ಟಾಪಿನಲ್ಲಿ ಹಿರಿಯರು ಮಾತು ಶುರುಮಾಡುವುದು ಇವುಗಳಿಂದಲೇ.

2024ರಲ್ಲಿ ನಾನೊಂದು ತಪ್ಪು ಮಾಡಿದೆ. ದಪ್ಪ ಕಾಗದದ, ದಿನಕ್ಕೊಂದು ಚಿತ್ರ ಮತ್ತು ಹೊಸ ಪದ ಇರುವ ಚೆಂದದ ಕ್ಯಾಲೆಂಡರ್ ಕೊಂಡೆ, ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಚಾಂದ್ರಮಾನವೂ ಇಲ್ಲ, ಜೊಲ್ಗಿಯೂ ಇಲ್ಲ. ಚಿಟ್ಟೆ, ಛತ್ರಿ ಎಂಬ ಪದಗಳು ಬಂದವು, ಹೋದವು. ಹಾಳೆ ಹರಿಯಲು ಮನಸ್ಸೇ ಬರುತ್ತಿರಲಿಲ್ಲ, ಹತ್ತು ಹತ್ತು ದಿನ ಒಂದೇ ತಾರೀಕು ನಿಂತಿರುತ್ತಿತ್ತು. ಅದೇ ಶರತ್ಕಾಲದಲ್ಲಿ ಇಲ್ಲೇ ಇರುವ ಹಾಸನದ ಕುಟುಂಬವೊಂದು ಮನೆ ಬದಲಿಸಲು ಹೊರಟಿತು. ಸಾಮಾನು ಸಾಗಿಸುವವರು ಆ ದಿನಕ್ಕೆ ಬಹಳ ಹೆಚ್ಚು ಕೇಳಿದರು. ಕಾರಣ ಆ ಹಾಳೆಯಲ್ಲಿ ಇರದಿದ್ದ ಸಾಲಿನಲ್ಲೇ ಇತ್ತು. ಚಾಂದ್ರಮಾನ ತಾರೀಕು 9 ಅಥವಾ 0ಯಿಂದ ಕೊನೆಯಾದರೆ ಅದು ‘ಸೊನ್ ಒಮ್ನುನ್ ನಾಲ್’, ಕೆಡುಕು ಅಡ್ಡ ಬರದ ದಿನ. ಎಲ್ಲರೂ ಅವತ್ತೇ ಮನೆ ಬದಲಿಸುತ್ತಾರೆ. ಎರಡು ದಿನ ಮುಂದಕ್ಕೆ ಹಾಕಿದರು, ಬೆಲೆ ಇಳಿಯಿತು. 2025ಕ್ಕೆ ನಾನು ಮತ್ತೆ ಹಳೇ ತೆಳು ಕಾಗದದ್ದಕ್ಕೇ ಮರಳಿದೆ.

ಅದರಲ್ಲೂ ದೋಷಗಳಿವೆ. ಏಪ್ರಿಲ್ ಹೊತ್ತಿಗೆ ಮೇಲಿನ ಅಂಟು ಸಡಿಲವಾಗಿ ನಾಲ್ಕೈದು ಹಾಳೆ ಒಟ್ಟಿಗೆ ಬರುತ್ತವೆ, ನಾನು ದೊಡ್ಡ ಕ್ಲಿಪ್ ಹಾಕಿದ್ದೇನೆ. ಅಚ್ಚಾದ ಮೇಲೆ ಸಾರಿದ ರಜೆಗಳು ಕಪ್ಪಾಗಿಯೇ ಉಳಿಯುತ್ತವೆ. 2023ರ ಅಕ್ಟೋಬರ್ 2, 2024ರ ಅಕ್ಟೋಬರ್ 1, 2025ರ ಜನವರಿ 27, ಮೂರೂ ಹೀಗೆ ನಡುವೆ ಬಂದವು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ‘ಇಮ್ಶಿ ಗೊಂಗ್‌ಹ್ಯುಯಿಲ್’, ತಾತ್ಕಾಲಿಕ ರಜೆ, ಎಂದು ಬರೆದದ್ದರಿಂದ ಆ ಉದ್ದ ಪದವೂ ಬಾಯಿಗೆ ಬಂತು. ಅಚ್ಚಾದ ಕೆಂಪು ದಿನಗಳಲ್ಲಿ ನನಗೆ ಹತ್ತಿರದ್ದು ಆಗಸ್ಟ್ 15, ‘ಗ್ವಾಂಗ್‌ಬೊಕ್ಜೊಲ್’. 1945ರಲ್ಲಿ ಅವರಿಗೆ ಬಿಡುಗಡೆಯಾದ ದಿನ, ಎರಡು ವರ್ಷದ ನಂತರ ಅದೇ ತಾರೀಕು ನಮ್ಮದೂ ಆಯಿತು. ಆ ಹಾಳೆಗಳನ್ನು ಹರಿದ ಮೇಲೂ ಎಸೆದಿಲ್ಲ.

ಕೊಳ್ಳುವವರಿಗೆ: ನವೆಂಬರ್ ಕೊನೆಯಿಂದ ಸ್ಟೇಷನರಿ ಅಂಗಡಿಗಳಲ್ಲಿ ನೋಡಿ. ಚಾಂದ್ರಮಾನ ದಿನಾಂಕ ಮತ್ತು ಜೊಲ್ಗಿ ಇದೆಯೇ ಎಂದು ಒಂದು ಹಾಳೆ ಎತ್ತಿ ಖಚಿತ ಮಾಡಿಕೊಳ್ಳಿ. ಬ್ಯಾಂಕುಗಳು ಕೊಡುವ ಗೋಡೆ ಕ್ಯಾಲೆಂಡರಿಗೆ ಇಲ್ಲಿ ಬಹಳ ಬೇಡಿಕೆ, ಮನೆಯಲ್ಲಿ ತೂಗುಹಾಕಿದರೆ ದುಡ್ಡು ಬರುತ್ತದೆ ಎಂಬ ನಂಬಿಕೆಯಿದೆ. ಅದು ಸಿಕ್ಕರೂ ಬಿಡಬೇಡಿ, ಆದರೆ ಅದು ತಿಂಗಳಿಗೊಂದು ಹಾಳೆ. 2026ರದ್ದು ನಾನು ಆಗಲೇ ತಂದಿಟ್ಟಿದ್ದೇನೆ. ಮೊದಲ ಹಾಳೆ ‘ಇರ್ವೊಲ್ ಇರಿಲ್ ಮೊಗ್ಯೊಯಿಲ್’, ಗುರುವಾರ.